ಡಲ್ಸಿಯ ಅಪ್ಪ ಹಾಕಿದ ಬೇಲಿ

ನನಗೊಂದು ಸಣ್ಣ ಅಂಜಿಕೆಯಿದೆ, ಯಾರಿಗೂ ಹೇಳಿಲ್ಲ. ಯಾರು ಏನೆಂದರೂ ನಾನು ‘ಹೂಂ’ ಅನ್ನುತ್ತೇನೆ. ಪದವಿ ಮುಗಿಯುವವರೆಗೂ ಹೂಂಗುಟ್ಟಿಕೊಂಡೇ ಬಂದೆ. ಹೀಗೇ ಆದರೆ ನನ್ನ ಹೂಂಗೆ ಬೆಲೆಯೇ ಉಳಿಯುವುದಿಲ್ಲವೇನೋ ಎಂದು ನಿನ್ನೆ ಡೈರಿಯಲ್ಲಿ ಬರೆದು, ನಾಚಿಕೆಯಾಗಿ ಹೊಡೆದುಹಾಕಿದೆ.

ಕಾಡುಪ್ರಾಣಿಗಳ ಈ ಅಭಯಧಾಮಕ್ಕೆ ಬಂದದ್ದೂ ಗೆಳತಿಗೆ ಅಂದ ಒಂದು ಹೂಂನಿಂದಲೇ. ಅವಳು ಬರಲಿಲ್ಲ, ನಾನು ಬಂದೆ. ಮೊದಲು ಇದು ಕುರಿ ಸಾಕುವ ಜಮೀನು. ಹತ್ತಿರದ ಪೇಟೆಗೆ ಅರ್ಧ ದಿನದ ದಾರಿ. ಕುರಿಗಳು ಹೋಗಿ ವರ್ಷಗಳಾದರೂ ತಂತಿಬೇಲಿ ಹಾಗೇ ನಿಂತಿತ್ತು. ಪ್ರಾಣಿಗಳು ತಡೆಯಿಲ್ಲದೆ ಓಡಾಡಲೆಂದು ಅದನ್ನು ಕಿತ್ತು ಸುತ್ತುವುದೇ ಸ್ವಯಂಸೇವಕರಾದ ನಮ್ಮ ಕೆಲಸ.

ನನ್ನ ಜೋಡಿಗೆ ಸಿಕ್ಕವರು ಡಲ್ಸಿ. ಎಂಬತ್ತು ದಾಟಿದ ಹೆಂಗಸು, ಇದೇ ಜಮೀನಿನಲ್ಲಿ ಹುಟ್ಟಿದವರು. ಬೇಲಿ ಹಾಕಿದ್ದು ಅವರ ಅಪ್ಪ. ನಾನು ಕಂಬಗಳಿಂದ ತಂತಿ ಬಿಡಿಸುತ್ತಿದ್ದೆ. ಅವರು ಗಾಡಿಯ ಹಿಂಬದಿಯಲ್ಲಿ ಕೂತು, ರಾಟೆಯ ಹಿಡಿಕೆ ತಿರುಗಿಸಿ ಅದನ್ನು ಸುತ್ತುತ್ತಿದ್ದರು.

“ಕಂಬ ನೋಡು ಬ್ರೋನಿ, ಒಂದಾದ್ರೂ ವಾಲಿದೆಯಾ?” ಎಂದು ನನ್ನನ್ನು ಕೇಳಿದರು.

“ಇಲ್ಲ, ಎಲ್ಲಾ ನೆಟ್ಟಗಿದೆ.”

“ಬೇಲಿ ನೆಟ್ಟಗಿತ್ತು. ನಮ್ಮಪ್ಪ ಮಾತ್ರ ಶನಿವಾರ ಸಂಜೆ ನೆಟ್ಟಗಿರ್ತಿರಲಿಲ್ಲ!”

ಅವರ ನಗು ಕೇಳಿ ಪೊದೆಯಲ್ಲಿದ್ದ ಗಿಳಿಗಳೆಲ್ಲ ಹಾರಿದವು. ನಾನೂ ನಕ್ಕೆ. ನೊಣಗಳು ಬಾಯಿಗೇ ನುಗ್ಗಿದವು. ಆದರೂ ಇಷ್ಟು ಹಗುರವಾಗಿ ನಾನು ನಕ್ಕು ಎಷ್ಟು ಕಾಲವಾಗಿತ್ತೋ.

ಬಿಸಿಲೇರುವ ಹೊತ್ತಿಗೆ ಗಂಡು ಎಮು ಹಕ್ಕಿಯೊಂದು ಪಟ್ಟೆಪಟ್ಟೆ ಮರಿಗಳನ್ನು ಕರೆದುಕೊಂಡು ಬಂತು. ನಿನ್ನೆಯವರೆಗೆ ತಂತಿಯಿದ್ದ ಜಾಗದಲ್ಲಿ ಗಕ್ಕನೆ ನಿಂತಿತು. ಕತ್ತು ಚಾಚಿತು, ಹಿಂದೆ ಸರಿಯಿತು. ಕೊನೆಗೆ, ಇಲ್ಲದ ತಂತಿಯನ್ನು ದಾಟುವಂತೆ ಕಾಲನ್ನು ಎತ್ತರಕ್ಕೆತ್ತಿ ಆಚೆ ಇಟ್ಟಿತು. ಮರಿಗಳಿಗೆ ಅಂಥ ಯೋಚನೆಯೇನೂ ಇರಲಿಲ್ಲ, ದಡದಡ ಓಡಿದವು. ಡಲ್ಸಿ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿ ಅವು ಕಣ್ಮರೆಯಾಗುವವರೆಗೂ ನೋಡಿದರು.

ಅಭಯಧಾಮ ನೋಡಿಕೊಳ್ಳುವ ರಾಸ್ ಬೆಂಕಿಯ ಮೇಲೆ ಚಹಾ ಕಾಯಿಸಿ ಎಲ್ಲರನ್ನೂ ಕರೆದ. ಡಲ್ಸಿ ಮನೆಯಿಂದ ತಂದ ಕೇಕು ಬಿಚ್ಚಿದರು.

“ಡಲ್ಸಿ, ಹಳ್ಳದ ಹತ್ರ ಉಳಿದಿರೋ ಕೊನೇ ತುಂಡನ್ನ ಹಾಗೇ ಬಿಡೋಣ್ವಾ?” ಎಂದ ರಾಸ್. “ನಿಮ್ಮಪ್ಪನ ಹೆಸರಲ್ಲಿ ಒಂದು ಫಲಕ ಹಾಕ್ತೀವಿ. ಚಹಾ ಮುಗಿಯೋದರೊಳಗೆ ಹೇಳಿಬಿಡಿ, ನೀವು ಹೇಳಿದ ಹಾಗೇ ಮಾಡ್ತೀವಿ.”

“ಇರ್ಲಿ, ಇರ್ಲಿ, ಪಾಪ,” ಎಂದರು ಸುತ್ತಲಿದ್ದವರು.

ಡಲ್ಸಿ ನನ್ನ ಕಡೆ ತಿರುಗಿದರು. “ಕೇಕ್ ಹೇಗಿದೆ?”

“ಚೆನ್ನಾಗಿದೆ.”

“ತಳ ಸೀದು ಕರ್ರಗಾಗಿದೆ ಕಣೇ! ನನಗೆ ವಯಸ್ಸಾದ ಮೇಲೆ ಒಬ್ಬರೂ ನಿಜ ಹೇಳಲ್ಲ. ಮುದುಕಿ ನೊಂದ್ಕೊಂಡಾಳು ಅಂತ ಎಲ್ಲಾ ಬೆಣ್ಣೆ ಹಚ್ಚೋರೇ.” ಅವರ ದನಿ ತಗ್ಗಿತು. “ಅದು ಅಪ್ಪನ ಬೇಲಿ. ನನ್ನ ಕಣ್ಣಿಗೆ ಅಪ್ಪನೇ ಕಾಣ್ತಾನೆ, ಜಾಗ ಕಾಣಲ್ಲ. ನೀನು ಹೊರಗಿನವಳು. ನಿನಗೇನು ಕಾಣತ್ತೆ, ಹೇಳು. ಬೇಲಿ ಇರಬೇಕಾ, ಬೇಡ್ವಾ?”

‘ಹೂಂ’ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಅಷ್ಟು ಸಲೀಸಾದ ಮಾತು ಇನ್ನೊಂದಿಲ್ಲ. ತಲೆಯೆತ್ತಿ ನೋಡಿದೆ. ಬೇಲಿ ಕಿತ್ತ ಕಡೆ ಕೆಂಪು ನೆಲ ತಡೆಯಿಲ್ಲದೆ ಆಕಾಶದವರೆಗೂ ಹರಡಿತ್ತು. ಹಳ್ಳದ ಹತ್ತಿರ ಅದೇ ನೆಲದ ಮೇಲೆ ಯಾರೋ ಗೀಟೆಳೆದಂತಿತ್ತು. ರಾಸ್ ಲೋಟ ಕೆಳಗಿಟ್ಟ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಿವಿ ಬಿಸಿಯಾಯಿತು.

“ಬೇಡ, ಡಲ್ಸಿ,” ಎಂದೆ. “ನಿಮ್ಮಪ್ಪ ಬೇಲಿ ತುಂಬ ಚೆನ್ನಾಗಿ ಹಾಕಿದಾರೆ. ಆದ್ರೆ ಅದಿಲ್ಲದಿದ್ರೇನೇ ಈ ಜಾಗ ಚೆಂದ.”