ಕಟಕ್ ಎನ್ನುವ ತನಕ

ಆ ಬೀದಿಯಲ್ಲಿ ವಾಚು ರಿಪೇರಿ ಮಾಡುವವರಿಗೆ ಜನ ಇಟ್ಟ ಹೆಸರು ಮೆಲ್ಲಗಪ್ಪ. ಗಿರಾಕಿ ಮಣಿಕಟ್ಟಿನಿಂದ ವಾಚು ಬಿಚ್ಚುವ ಮೊದಲೇ "ಮೆಲ್ಲಗೆ, ಮೆಲ್ಲಗೆ" ಎಂದು ಶುರು ಮಾಡುವುದು ಅವರ ಅಭ್ಯಾಸ. ಛತ್ರಿ ಒರಗಿಸಿದರೂ ಮೆಲ್ಲಗೆ, ಸ್ಟೂಲು ಎಳೆದರೂ ಮೆಲ್ಲಗೆ, ಸೀನು ಬಂದರೆ ಹೊರಗೆ ಹೋಗಿ ಮೆಲ್ಲಗೆ. ಮನೆಯಲ್ಲೂ ಅದೇ ಕಾನೂನು. ಇಂಥವರ ಜೊತೆ ಮೂವತ್ತು ವರ್ಷ ಸಂಸಾರ ಮಾಡಿಯೂ ಅವರ ಹೆಂಡತಿ ಒಂದೇ ಒಂದು ದಿನ ಮೆಲ್ಲಗಾಗಲಿಲ್ಲ.

ಆಕೆಯದು ಹದಿನೆಂಟು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಕಬ್ಬಿಣದ ಟೈಪ್‌ರೈಟರ್ ಕುಟ್ಟಿದ ಕೈ. ಐದು ಪ್ರತಿ ಒಟ್ಟಿಗೆ ಬೇಕೆಂದರೆ ನಡುವೆ ಕಾರ್ಬನ್ ಇಟ್ಟು ಕುಟ್ಟಬೇಕಿತ್ತು, ಐದನೆಯದರಲ್ಲೂ ಅಕ್ಷರ ಮೂಡಬೇಕಿತ್ತು. ಆ ಬೆರಳುಗಳು ಬಾಟಲಿಯ ಮುಚ್ಚಳ ತಿರುಗಿಸಿದರೆ ಅದನ್ನು ಬಿಚ್ಚಲು ಪಕ್ಕದ ಮನೆಯವರನ್ನು ಕರೆಯಬೇಕು. ಗಂಡ ಆಕೆಯನ್ನು ಕರೆಯುತ್ತಿದ್ದುದು ಸುತ್ತಿಗೆ ಎಂದು. ತಮಾಷೆಗೆ ಎನ್ನುತ್ತಿದ್ದರು, ನಿಜ. ಆದರೆ ತಮ್ಮ ರಿಪೇರಿ ಮೇಜಿನ ಹತ್ತಿರ ಆಕೆಯನ್ನು ಒಂದು ದಿನವೂ ಬಿಟ್ಟುಕೊಂಡವರಲ್ಲ. ವಕೀಲರು ತೀರಿಕೊಂಡು ಕಚೇರಿಗೆ ಬೀಗ ಬಿದ್ದು ಹತ್ತು ವರ್ಷವಾಗಿತ್ತು. ಆಮೇಲೆ ಆ ಬೆರಳುಗಳನ್ನು ಕೇಳುವವರೇ ಇರಲಿಲ್ಲ.

ಐವತ್ತೆರಡನೇ ವಯಸ್ಸಿನಲ್ಲಿ, ಯಾರೂ ನೆನೆಸದಿದ್ದಾಗ, ಆಕೆ ಹಾಕಿದ್ದ ಅರ್ಜಿಯೊಂದಕ್ಕೆ ಕೆಲಸದ ಕರೆಪತ್ರ ಬಂತು. ಡಾಕ್ಟರುಗಳು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟದ್ದನ್ನು ಕೇಳಿಕೊಂಡು ಟೈಪ್ ಮಾಡುವ ಕೆಲಸ, ಅದೂ ಮನೆಯಲ್ಲೇ ಕೂತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮನೆಯಿಂದಲೇ ಒಂದು ಗಂಟೆಯ ಪರೀಕ್ಷೆ. ಹತ್ತಕ್ಕೆ ಹಾಜರಾಗದವರ ಜಾಗಕ್ಕೆ ಪಟ್ಟಿಯಲ್ಲಿ ಮುಂದಿನವರು. ಆಕೆ ಆ ಪತ್ರವನ್ನು ನಾಲ್ಕು ಸಲ ಓದಿ, ಐದನೇ ಸಲ ಗಂಡನಿಗೆ ಓದಿ ಹೇಳಿದರು.

ತೊಂದರೆ ಇದ್ದದ್ದು ಮನೆಯ ಕಂಪ್ಯೂಟರಿನಲ್ಲಿ. ಗುಂಡಿ ಒತ್ತಿ, ಸ್ನಾನ ಮುಗಿಸಿ, ತಲೆ ಒರೆಸಿಕೊಂಡು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು. ಪರೀಕ್ಷೆಯ ಸಾಫ್ಟ್‌ವೇರ್ ಇಂಥದರಲ್ಲಿ ಓಡುವುದಿಲ್ಲ ಎಂದು ಪತ್ರದಲ್ಲೇ ಬರೆದಿತ್ತು.

"ಅಕ್ಕ, ನೀನು ತಲೆ ಕೆಡಿಸ್ಕೋಬೇಡ. ಒಂದು ರೆಡಿ ಇರೋದನ್ನ ತಂದು ಇಟ್ಟುಬಿಡ್ತೀನಿ" ಎಂದ ಆಕೆಯ ತಮ್ಮ. ಬ್ಯಾಂಕಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಒಳ್ಳೆಯವನೇ. ಆದರೆ ಭಾವನ ಕೈಗಡಿಯಾರ ನೋಡಿ "ಇನ್ನೂ ಕೀಲಿ ಕೊಡ್ತೀರಾ?" ಎಂದು ನಕ್ಕವನು. ಆ ನಗೆಯನ್ನು ಮೆಲ್ಲಗಪ್ಪ ಮರೆತಿರಲಿಲ್ಲ.

"ಯಾಕೆ ತರಬೇಕು? ನಾನಿಲ್ವಾ?" ಎಂದರು. "ಮೂವತ್ತೈದು ವರ್ಷ ಸಾಸಿವೆಗಿಂತ ಸಣ್ಣ ಸ್ಕ್ರೂ ಹಾಕಿದೀನಿ ಕಣಯ್ಯ. ಇದರ ಸ್ಕ್ರೂ ನೋಡಿದ್ರೆ ಬಾಗಿಲಿಗೆ ಹಾಕೋ ಹಾಗಿದೆ. ಪೆಟ್ಟಿಗೆ ಹಳೇದೇ ಇರ್ಲಿ, ಒಳಗಿಂದೆಲ್ಲ ಹೊಸದು ಹಾಕ್ತೀನಿ."

"ಭಾವ, ಸೋಮವಾರ ಹತ್ತು ಗಂಟೆಗೆ..."

"ಭಾನುವಾರ ಮಧ್ಯಾಹ್ನಕ್ಕೇ ಮುಗಿದಿರುತ್ತೆ. ನೀನು ಬಂದು ಟೀ ಕುಡ್ಕೊಂಡು ಹೋಗು."

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ತಲೆಯಾಡಿಸಿದರು. ಗಂಡನ ಕೈಚಳಕದ ಬಗ್ಗೆ ಆಕೆಗೆ ಯಾವತ್ತೂ ಅನುಮಾನವಿರಲಿಲ್ಲ. ಬೇಕಾದ ಸಾಮಾನಿನ ಪಟ್ಟಿ ಬರೆದುಕೊಟ್ಟು, ಆಮೇಲೆ ತುಂಬಿಸಬೇಕಾದ ಸಾಫ್ಟ್‌ವೇರಿನ ಪೆನ್‌ಡ್ರೈವನ್ನೂ ಕೈಗಿಟ್ಟು, ತಾನು ಆ ಭಾನುವಾರ, ಸೋಮವಾರ ಊರಲ್ಲಿರುವುದಿಲ್ಲ ಎಂದು ಹೇಳಿ ತಮ್ಮ ಹೊರಟ.

ಭಾನುವಾರ ಬೆಳಿಗ್ಗೆ ಮೆಲ್ಲಗಪ್ಪ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು. ಹೆಂಡತಿಯನ್ನು ನಾಲ್ಕು ಅಡಿ ದೂರದ ಕುರ್ಚಿಯಲ್ಲಿ ಕೂರಿಸಿ ಕೈಗೆ ಮದರ್‌ಬೋರ್ಡಿನ ಜೊತೆ ಬಂದ ಪುಸ್ತಕ ಕೊಟ್ಟರು.

"ನೀನು ಓದು. ಮುಟ್ಟಬೇಡ."

"ಉಸಿರಾಡಬಹುದಾ?"

"ಆ ಕಡೆ ತಿರುಗಿ."

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಳೆಯ ಪೆಟ್ಟಿಗೆಯನ್ನು ಬಿಚ್ಚಿದರು. ಒಳಗಿದ್ದ ಧೂಳನ್ನು ವಾಚಿಗೆ ಬಳಸುವ ಸಣ್ಣ ಬ್ರಷ್ಷಿನಿಂದ ಗುಡಿಸಿದರು. ಮುಷ್ಟಿ ಗಾತ್ರದ ಧೂಳು, ಎರಡು ಕೂದಲು ಅಗಲದ ಬ್ರಷ್ಷು, ಒಂದೂವರೆ ಗಂಟೆ ಹಿಡಿಯಿತು. ಪೆಟ್ಟಿಗೆಯ ಫ್ಯಾನಿಗೆ ಒಂದು ತೊಟ್ಟು ಗಡಿಯಾರದ ಎಣ್ಣೆ ಬಿಟ್ಟರು. ಬಿಚ್ಚಿದ ಸ್ಕ್ರೂಗಳನ್ನು ಒಂದೊಂದು ಬಟ್ಟಲಲ್ಲಿ ಹಾಕಿ, ಬಟ್ಟಲಿಗೆ ಚೀಟಿ ಅಂಟಿಸಿದರು. ಮನೆಯಲ್ಲಿ ಟೀ ಕುಡಿಯಲು ಬಟ್ಟಲು ಉಳಿಯಲಿಲ್ಲ.

ಹೊಸ ಪ್ರೊಸೆಸರ್ ಹಾಕುವಾಗ ಮಾತ್ರ ನಿಜವಾಗಿ ನೋಡುವಂತಿತ್ತು. ಚಿಮುಟದ ಹಾಗೆ ಎರಡೇ ಬೆರಳಲ್ಲಿ ಹಿಡಿದು ಮೂಲೆಯ ಗುರುತಿಗೆ ಗುರುತು ಹೊಂದಿಸಿ ಬಿಟ್ಟರು. ಅದು ತಾನಾಗಿ ಕೂತಿತು. "ನೋಡಿದ್ಯಾ? ಒಂದು ಚೂರೂ ಒತ್ತಿಲ್ಲ" ಎಂದರು. ಪುಸ್ತಕದಲ್ಲೂ ಹಾಗೇ ಬರೆದಿತ್ತು. ಮೆಲ್ಲಗಪ್ಪನವರಿಗೆ ಪುಸ್ತಕ ಬರೆದವನ ಮೇಲೆ ಗೌರವ ಹುಟ್ಟಿತು. ಅದು ಐದು ನಿಮಿಷ ಇತ್ತು.

"ಇನ್ನು ರ್‍ಯಾಮ್" ಎಂದರು ಹೆಂಡತಿ. "ಎರಡು ಪಟ್ಟಿ. ಎರಡೂ ಹೆಬ್ಬೆರಳಿಂದ ಬಲವಾಗಿ ಒತ್ತಿ, ಕಟಕ್ ಅನ್ನೋ ತನಕ."

"ಏನು?"

"ಕಟಕ್ ಅನ್ನೋ ತನಕ."

"ಇದನ್ನ ಬರೆದವನು ಗಾರೆ ಕೆಲಸದವನಿರಬೇಕು." ಪಟ್ಟಿಗಳನ್ನು ಅವುಗಳ ಸಂದಿಯಲ್ಲಿ ನೆಟ್ಟಗೆ ನಿಲ್ಲಿಸಿ, ಮಗುವಿನ ತಲೆ ಸವರಿದ ಹಾಗೆ ಒಮ್ಮೆ ಸವರಿದರು. "ಕೂತಿದೆ. ಮುಂದೆ?"

ಮಧ್ಯಾಹ್ನ ಮೂರಕ್ಕೆ ಗುಂಡಿ ಒತ್ತಿದರು. ಫ್ಯಾನುಗಳು ತಿರುಗಿದವು, ಎಣ್ಣೆ ಬಿಟ್ಟದ್ದರಿಂದ ಬಹಳ ಮೆತ್ತಗೆ. ಮಾನಿಟರ್ ಮಾತ್ರ ಜಪ್ಪಯ್ಯ ಅಂದರೂ ಬೆಳಗಲಿಲ್ಲ. ಮದರ್‌ಬೋರ್ಡಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪವೊಂದು ಹೊತ್ತಿಕೊಂಡು ಹಾಗೇ ನಿಂತಿತು.

ಹೆಂಡತಿ ಹಾಳೆ ತಿರುವಿದರು. "ಈ ದೀಪ ಹೊತ್ತಿದ್ರೆ ರ್‍ಯಾಮ್ ಸರಿಯಾಗಿ ಕೂತಿಲ್ಲ ಅಂತ ಇಲ್ಲಿದೆ ನೋಡಿ."

"ಕೂತಿಲ್ದೆ ನಿಂತಿದ್ಯಾ? ಕಾಣ್ತಿಲ್ವಾ ನಿಂಗೆ?"

"ಕಟಕ್ ಅನ್ಲಿಲ್ವಲ್ಲ."

"ಕಟಕ್ ಅಂದ್ರೆ ಮುರೀತು ಅಂತ ಅರ್ಥ!"

ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದರು. ದೀಪ ಹೊತ್ತಿತು. ಇನ್ನೊಮ್ಮೆ ಬಿಚ್ಚಿ ಜೋಡಿಸಿದರು. ಕೆಲಸ ಕೆಟ್ಟಾಗ ಬೇರೆಯವರು ಕೈ ಬಿಗಿ ಮಾಡುತ್ತಾರೆ. ಇವರು ಪ್ರತಿ ಸಲವೂ ಇನ್ನಷ್ಟು ಹಗುರ ಮಾಡಿದರು. ನಾಲ್ಕನೇ ಸಲ ಪಟ್ಟಿಗಳ ಮೇಲೆ ಬರೀ ಬೆರಳಿನ ನೆರಳು ಬಿದ್ದಿರಬೇಕು. ಮಾನಿಟರ್ ಕೆಟ್ಟಿದೆ ಎಂದರು, ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಸಾಲದು ಎಂದರು, ಕೊನೆಗೆ ಭಾವಮೈದುನ ಸಾಮಾನಿನ ಪಟ್ಟಿಯನ್ನೇ ತಪ್ಪು ಬರೆದುಕೊಟ್ಟಿದ್ದಾನೆ ಎಂದರು. ಹೆಂಡತಿ ಯಾವುದಕ್ಕೂ ಎದುರಾಡಲಿಲ್ಲ. ಎದುರಾಡದಿದ್ದರೆ ಮೆಲ್ಲಗಪ್ಪನವರಿಗೆ ಹೆದರಿಕೆ ಜಾಸ್ತಿ.

ಸಂಜೆ ಕೈ ತೊಳೆದು ಬರುವಾಗ ರೂಮಿನಿಂದ ಟಪಟಪ ಸದ್ದು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರು. ಹೆಂಡತಿ ಮಂಚದ ಅಂಚಿಗೆ ಕೂತು, ಯಾವುದಕ್ಕೂ ಸಿಕ್ಕಿಸದ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ರೇಡಿಯೋದ ವಾರ್ತೆ ಕೇಳುತ್ತಾ ಟೈಪ್ ಮಾಡುತ್ತಿದ್ದರು. ಅದರ ವಯರು ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ವಾರ್ತೆ ಓದುವವನು ವೇಗ ಹೆಚ್ಚಿಸಿದರೆ ಬೆರಳುಗಳೂ ವೇಗ ಹೆಚ್ಚಿಸುತ್ತಿದ್ದವು. ಎಲ್ಲೋ ಒಂದು ಅಕ್ಷರ ತಪ್ಪಿರಬೇಕು, ನಾಲಿಗೆ ಕಚ್ಚಿಕೊಂಡು, ಎಲ್ಲೂ ಮೂಡದ ಆ ತಪ್ಪನ್ನು ಅಳಿಸಿ ಸರಿ ಮಾಡಿದರು.

ಮೆಲ್ಲಗಪ್ಪ ಒಳಗೆ ಹೋಗದೆ ಹಿಂದೆ ಸರಿದರು. ಬೆಳಗಿನಿಂದ ತಾವು ಗೆಲ್ಲಲು ಹೊರಟಿದ್ದು ಭಾವಮೈದುನನ ಮೇಲೆ. ಸೋತರೆ ಕಳೆದುಕೊಳ್ಳುವವಳು ಇವಳು. ಇಷ್ಟು ಸಣ್ಣ ಲೆಕ್ಕ ತಮ್ಮ ತಲೆಗೆ ಹೊಳೆಯದೇ ಹೋಯಿತಲ್ಲ ಎಂದು ನಾಚಿಕೆಯಾಯಿತು. ಆದರೂ ಆ ಸಂಜೆ ಫೋನ್ ಮಾಡಲು ಮನಸ್ಸು ಬರಲಿಲ್ಲ. ಜಂಬ ಅಷ್ಟು ಬೇಗ ಇಳಿಯುವ ವಸ್ತುವಲ್ಲ.

ಇಳಿದದ್ದು ಸೋಮವಾರ ಎಂಟು ಗಂಟೆಗೆ, ಐದನೇ ಸಲವೂ ಅದೇ ದೀಪ ಹೊತ್ತಿದ ಮೇಲೆ.

ಭಾವಮೈದುನ ರೈಲಿನಲ್ಲಿದ್ದ. ಗಲಾಟೆಯ ನಡುವೆ ಕಿರುಚಿ ಕೇಳಿದ: "ಭಾವ, ರ್‍ಯಾಮ್ ಒತ್ತಿದಾಗ ಎರಡು ಸಲ ಕಟಕ್ ಅಂತಾ?"

"ಸರಿಯಾಗಿ ಇಟ್ಟಿದೀನಪ್ಪ."

"ಇಡೋದಲ್ಲ ಭಾವ, ಒತ್ತೋದು! ಪುಸ್ತಕದಲ್ಲೇ ಇದೆಯಲ್ಲ. ಅಕ್ಕ ಓದಿ ಹೇಳ್ಲಿಲ್ವಾ?"

ಹೇಳಲಿಲ್ಲ ಎಂದರೆ ಮಾನ ಉಳಿಯುತ್ತಿತ್ತು. ಆಕೆ ಪಕ್ಕದಲ್ಲೇ ನಿಂತಿದ್ದರು. ಮೆಲ್ಲಗಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

"ಹೇಳಿದ್ಲು. ನಾನೇ ಕೇಳ್ಲಿಲ್ಲ."

ಆಶ್ಚರ್ಯವೆಂದರೆ ಭಾವಮೈದುನ ನಗಲಿಲ್ಲ. "ಇನ್ನೂ ಟೈಮಿದೆ ಭಾವ, ಒತ್ತಿ" ಎಂದ, ಅಷ್ಟರಲ್ಲಿ ಲೈನು ಕಡಿಯಿತು.

ಮೆಲ್ಲಗಪ್ಪ ಹೆಬ್ಬೆರಳುಗಳನ್ನು ಪಟ್ಟಿಯ ಮೇಲಿಟ್ಟರು. ಒತ್ತಬೇಕು ಎಂದುಕೊಂಡರು. ಬೆರಳು ಒಪ್ಪಲಿಲ್ಲ. ಹಣೆಯಲ್ಲಿ ಬೆವರೊಡೆಯಿತು, ಭುಜ ಬಿಗಿಯಿತು, ಮುಖ ಕೆಂಪಾಯಿತು, ಇಷ್ಟೆಲ್ಲ ಶಕ್ತಿ ಮೊಣಕೈವರೆಗೆ ಬಂದು ಅಲ್ಲೇ ಧರಣಿ ಕೂತಿತು.

"ಏನಾಯ್ತು ನಿಮಗೆ?"

"ಆಗ್ತಿಲ್ಲ ಕಣೆ." ಮೆಲ್ಲಗಪ್ಪ ಕುರ್ಚಿಯಲ್ಲಿ ಕುಸಿದರು. "ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬ ಹೆಂಗಸು ಅವರಪ್ಪನ ವಾಚು ತಂದಿದ್ರು. ಅಪ್ಪ ಹೋಗಿ ಒಂದು ವಾರ ಆಗಿತ್ತಂತೆ. ಗಾಜು ಕೂರಿಸೋಕೆ ಸ್ವಲ್ಪ ಜೋರಾಗಿ ಒತ್ತಿದೆ. ಕಟಕ್ ಅಂತು, ಗಾಜೂ ಹೋಯ್ತು, ಒಳಗಿನ ಮುಳ್ಳೂ ಹೋಯ್ತು. ಆ ಹೆಂಗಸು ಒಂದು ಮಾತೂ ಬೈಲಿಲ್ಲ, ಎತ್ಕೊಂಡು ಹೋದ್ರು. ಬೈದಿದ್ರೆ ಚೆನ್ನಾಗಿತ್ತು. ಅವತ್ತಿಂದ ಆ ಸದ್ದು ಅಂದ್ರೆ ಕೈ ನಿಂತುಬಿಡುತ್ತೆ."

ಮೂವತ್ತು ವರ್ಷದಲ್ಲಿ ಇದನ್ನು ಹೇಳಿದ್ದು ಇದೇ ಮೊದಲು. ಹೆಂಡತಿ ಗಡಿಯಾರ ನೋಡಿದರು, ಗಂಡನನ್ನು ನೋಡಿದರು. ಎಂಟೂ ಮುಕ್ಕಾಲಾಗಿತ್ತು.

"ನೀನೇ ಒತ್ತು" ಎಂದರು ಮೆಲ್ಲಗಪ್ಪ.

"ನಾನಾ?"

"ಹ್ಞೂಂ. ನಿನ್ನ ಕೈಲಾಗುತ್ತೆ."

ಆಕೆ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಮುಟ್ಟಬೇಡ ಅಂತ ಕೇಳಿದೀನಿ, ದೂರ ಇರು ಅಂತ ಕೇಳಿದೀನಿ" ಎಂದರು. "ನಿನ್ನ ಕೈಲಾಗುತ್ತೆ ಅಂತ ಇವತ್ತು ಕೇಳ್ತಾ ಇದೀನಿ." ಆಮೇಲೆ ಸೆರಗು ಸಿಕ್ಕಿಸಿ, ಸೊಂಟ ಬಗ್ಗಿಸಿ, ಎರಡು ಹೆಬ್ಬೆರಳನ್ನೂ ಪಟ್ಟಿಯ ಎರಡು ತುದಿಗೆ ಇಟ್ಟರು. ಐದು ಪ್ರತಿ ಒಟ್ಟಿಗೆ ಮೂಡಿಸಿದ ಬೆರಳು.

ಮೆಲ್ಲಗಪ್ಪ ಕಣ್ಣು ಮುಚ್ಚಿದರು, ಕಿವಿಯನ್ನೂ ಮುಚ್ಚಿದರು.

ಕಟಕ್. ಮುಚ್ಚಿದ ಕಿವಿಯೊಳಗೂ ಕೇಳಿತು. ಕಟಕ್. ಅದು ಎರಡನೇ ಪಟ್ಟಿ. ಕಣ್ಣು ಬಿಡುವ ಹೊತ್ತಿಗೆ ಆಕೆ ಕೆಲಸ ಮುಗಿಸಿ, ಮದರ್‌ಬೋರ್ಡಿಗೆ ಸಿಕ್ಕಿಸಿದ ದಪ್ಪ ವಯರಿನ ಪ್ಲಗ್ಗು ಕೂಡ ಅರ್ಧ ಹೊರಗಿರುವುದನ್ನು ಕಂಡು, ಅದಕ್ಕೂ ಒಂದು ಕೊಡುತ್ತಿದ್ದರು. ಕಟಕ್.

"ಇನ್ನೇನಾದ್ರೂ ಇದ್ಯಾ ಒತ್ತೋಕೆ?" ಎಂದು ಆಸೆಯಿಂದ ಸುತ್ತ ನೋಡಿದರು.

ಗುಂಡಿ ಒತ್ತಿದರು. ಕಿತ್ತಳೆ ದೀಪ ಮಿನುಗಿ ಆರಿತು. ಮಾನಿಟರಿನಲ್ಲಿ ಬಿಳಿ ಅಕ್ಷರಗಳು ಮೂಡಿದವು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂಗಿದ ಕೂಗಿಗೆ ಪಕ್ಕದ ಮನೆಯವರು ಯಾರಿಗೆ ಏನಾಯಿತೋ ಎಂದು ಬಾಗಿಲಿಗೆ ಬಂದರು. ಮೆಲ್ಲಗಪ್ಪನವರ ಬಾಯಿಂದ ಅಷ್ಟು ದೊಡ್ಡ ಸದ್ದು ಬಂದದ್ದನ್ನು ಅವರು ಇಂದಿಗೂ ನಂಬುವುದಿಲ್ಲ.

ಪೆನ್‌ಡ್ರೈವ್‌ನಿಂದ ಎಲ್ಲ ತುಂಬಿಸುವ ಹೊತ್ತಿಗೆ ಒಂಬತ್ತೂ ನಲವತ್ತು. ಹತ್ತಕ್ಕೆ ಐದು ನಿಮಿಷವಿರುವಾಗ ಆಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರು. ಮೆಲ್ಲಗಪ್ಪ ಅಂಗಡಿಗೆ ಹೋಗಲಿಲ್ಲ. ರೂಮಿನ ಹೊರಗೆ ಸ್ಟೂಲು ಹಾಕಿಕೊಂಡು ಕೂತು, ಬೀದಿಯಲ್ಲಿ ಹಾರನ್ ಹೊಡೆದವರನ್ನೆಲ್ಲ ಕಿಟಕಿಯಿಂದ ಕಣ್ಣಲ್ಲೇ ಸುಟ್ಟರು. ಒಳಗೆ ಆ ಬೆರಳುಗಳು ಕೀಬೋರ್ಡನ್ನು ಕುಟ್ಟಿ ಪುಡಿ ಮಾಡುತ್ತಿದ್ದವು. ಹಿಂದೆಲ್ಲ ತಲೆನೋವು ತರುತ್ತಿದ್ದ ಸದ್ದು ಅದು. ಇವತ್ತು ಒಂದು ಕ್ಷಣ ನಿಂತರೆ ಸಾಕು, ಇವರ ಜೀವ ಬಾಯಿಗೆ ಬರುತ್ತಿತ್ತು.

ಹನ್ನೊಂದೂ ಕಾಲಿಗೆ ಒಳಗೆ ಫೋನ್ ಬಂತು. ಮಾತು ಕೇಳಿಸಲಿಲ್ಲ. ಆಕೆ ಬಾಗಿಲು ತೆರೆದು ಬಂದು ಚೌಕಟ್ಟಿಗೆ ಒರಗಿ ನಿಂತರು.

"ನಾಳೆಯಿಂದ ಬನ್ನಿ ಅಂದ್ರು. ಬನ್ನಿ ಅಂದ್ರೆ ಇಲ್ಲೇ, ಈ ರೂಮಿಗೆ."

ಮೆಲ್ಲಗಪ್ಪ ಜೋರಾಗಿ ಒಂದು ಚಪ್ಪಾಳೆ ತಟ್ಟಿದರು.

"ಇನ್ನೊಂದು ಕೇಳಿದ್ರು" ಎಂದರು ಆಕೆ. "ಮನೇಲಿ ಕೆಲಸ ಮಾಡೋವಾಗ ಕಂಪ್ಯೂಟರ್ ಕೈ ಕೊಟ್ರೆ ನಿಮ್ಮಲ್ಲಿ ಯಾರು ನೋಡ್ಕೋತಾರೆ, ಹೆಸರು ಹೇಳಿ, ಬರ್ಕೋಬೇಕು ಅಂದ್ರು."

"ಏನಂದೆ?"

"ನನ್ನ ಹೆಸರೇ ಬರ್ಕೊಳ್ಳಿ ಅಂದೆ."

ತಿದ್ದುವುದಕ್ಕೆಂದು ಮೆಲ್ಲಗಪ್ಪ ಬಾಯಿ ತೆರೆದರು. ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆದುಕೊಂಡಿತು. ತಿದ್ದಬೇಕಾದ್ದು ಆ ಮಾತಿನಲ್ಲಿ ಏನೂ ಇರಲಿಲ್ಲ. ತಡವಾಗಿ ಗೊತ್ತಾದದ್ದಕ್ಕೆ ಅವರಿಗೆ ಅಳು ಬಂದಂತಾಯಿತು, ಗೊತ್ತಾಯಿತಲ್ಲ ಎಂದು ನಗುವೂ ಬಂತು. ಎದ್ದು, ತಾವು ಕೂತಿದ್ದ ಸ್ಟೂಲನ್ನು ಆಕೆಯ ಕಡೆಗೆ ತಳ್ಳಿ, "ಕೂತ್ಕೋ, ಟೀ ಮಾಡ್ತೀನಿ" ಎಂದು ಅಡುಗೆಮನೆಗೆ ಹೋದರು.