ಸವೆದ ಪಿನ್ನು

“ಏನೇ, ನಿನ್ ಸೊಂಟಕ್ಕೆ ಏನ್ ಬಂದದೆ? ಇಷ್ಟು ದಿನ ಸಾಕಾಯ್ತಿತ್ತು, ಇವತ್ತು ಸಾಲ್ದಾ?”

ಮ್ಯಾನೇಜರ್ ಬಾರ್ಧುಲ್ ಇದನ್ನು ಕೇಳಿದ್ದು ಎಲ್ಲರ ಕಿವಿಗೂ ಬೀಳಲಿ ಅಂತಲೇ. ಕ್ರೋಮ್ ಗಣಿಯ ಬಾಯಲ್ಲಿ ಬೆಳಗಿನ ಪಾಳಿಯವರು ಸಿಗರೇಟು ಸೇದುತ್ತ ನಿಂತಿದ್ದರು. ಒಂದಿಬ್ಬರು ಕಿಸಕ್ಕನೆ ನಕ್ಕರು, ಉಳಿದವರು ತಂತಮ್ಮ ಬೂಟು ನೋಡಿಕೊಂಡರು. ವಿಂಚ್ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ನಾಜ್ಮಿಯೆ ಎಣ್ಣೆಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

“ಕ್ಲಚ್ ಲಿವರ್ ಬಿಚ್ಬೇಕು ಸಾಹೇಬ್ರೆ. ಬಿಚ್ಚಿ, ತೊಳ್ದು, ಹೊಸಾ ಪಿನ್ ಹಾಕ್ಬೇಕು. ಒಂದು ಪಾಳಿ ನಿಲ್ಸಿದ್ರೆ ಆಯ್ತದೆ.”

“ಬಿಚ್ಚಾದಂದ್ರೆ ಭಾರಿ ಆಸೆ ಕಣ್ರೋ ಇವಳಿಗೆ. ಪಾಪ, ಗಂಡ ಗ್ರೀಸ್ ದೇಶಕ್ಕೆ ಓಡೋಗಿ ಎಷ್ಟು ವರ್ಸ ಆಯ್ತೋ!”

ಈ ಸಲ ಎಲ್ಲರೂ ನಕ್ಕರು. ಬಾರ್ಧುಲ್ ಮಾತ್ರ ನಗಲಿಲ್ಲ. “ಒಂದು ಪಾಳಿ ನಿಂತ್ರೆ ಇವರ ಮಕ್ಕಳಿಗೆ ನೀನು ಹಾಲು ಕುಡಿಸ್ತೀಯಾ? ಹೋಗ್ ಮುಂಡೆ, ನಿಂತ್ಕೊ ಹೋಗು. ಸೊಂಟ ಕೊಡು.”

ನಾಜ್ಮಿಯೆ ಹೋಗಿ ನಿಂತಳು. ಸೊಂಟ ಕೊಟ್ಟಳು.

ಆ ವಿಂಚು ಹಳೇ ಸರಕಾರದ ಕಾಲದ್ದು. ಸರಕಾರ ಮಣ್ಣಾಯಿತು, ಗಣಿ ಖಾಸಗಿಯವರ ಪಾಲಾಯಿತು, ಯಂತ್ರ ಮಾತ್ರ ಅಲ್ಲೇ ಉಳಿಯಿತು. ಲಿವರನ್ನು ಒತ್ತಿ ಹಿಡಿದರೆ ಮೋಟಾರು ಡ್ರಮ್ಮನ್ನು ಹಿಡಿದುಕೊಳ್ಳುತ್ತದೆ, ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ, ಆಳದಿಂದ ಟ್ರಾಲಿ ಮೇಲೆ ಬರುತ್ತದೆ. ಒಳ್ಳೆಯ ಕಾಲದಲ್ಲಿ ಲಿವರು ತನ್ನ ಹಲ್ಲಿಗೆ ಕಚ್ಚಿ ತಾನೇ ನಿಲ್ಲುತ್ತಿತ್ತು. ಈಗ ಪಿನ್ನು ಸವೆದು, ತೂತು ಅಗಲವಾಗಿ, ಕೈ ಬಿಟ್ಟರೆ ಜಿಗಿಯುತ್ತದೆ. ಜಿಗಿದರೆ ಟ್ರಾಲಿ ಬಂದ ದಾರಿಯಲ್ಲೇ ಪಾತಾಳಕ್ಕೆ. ಅದಕ್ಕೇ ಬಾರ್ಧುಲ್ ಒಂದು ಹಳೇ ಸೈಕಲ್ ಟ್ಯೂಬ್ ತಂದು ಲಿವರನ್ನು ಕಂಬಕ್ಕೆ ಬಿಗಿಸಿದ್ದ. ಟ್ಯೂಬು ಸಾಲದ್ದಕ್ಕೆ ನಾಜ್ಮಿಯೆಯ ಸೊಂಟ. ಎಡಗಡೆ ಸೊಂಟದ ಮೇಲೆ ಅಂಗೈಯಗಲ ಕಪ್ಪುಗಟ್ಟಿದ್ದ ಚರ್ಮವನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಒಮ್ಮೆ ಟ್ಯೂಬು ಹರಿದಿತ್ತು. ಲಿವರು ಅವಳ ಸೊಂಟವನ್ನು ಒದ್ದು ಜಿಗಿಯಿತು. ಅವಳು ಬ್ರೇಕಿನ ಮೇಲೆ ಬಿದ್ದು ಟ್ರಾಲಿ ನಿಲ್ಲಿಸುವಷ್ಟರಲ್ಲಿ, ಅದರಲ್ಲಿ ಕೂತು ಮೇಲೆ ಬರುತ್ತಿದ್ದ ಲುಲ್ಜಿಮ್‌ನ ಕಾಲು ಮೊಣಕಾಲಿನ ಕೆಳಗೆ ನುಜ್ಜಾಗಿತ್ತು. ಆಸ್ಪತ್ರೆಯಲ್ಲಿ ಕತ್ತರಿಸಿದರು. ರಾಜಧಾನಿಯಿಂದ ಬಂದ ಅಧಿಕಾರಿ ಶೆಡ್ಡಿನ ಒಳಗೆ ಕಾಲಿಡದೆ ಬಾಗಿಲಲ್ಲೇ ಕೇಳಿದ, “ಲಿವರ್ ಹಿಂದೆ ಯಾವತ್ತಾದ್ರೂ ಜಿಗಿದಿತ್ತಾ?” ಗಣಿಯವರೆಲ್ಲ ಸಾಲಾಗಿ ನಿಂತು ಇಲ್ಲ ಅಂದರು. “ಹಿಡಿದಿದ್ದವರು ಯಾರು?” ನಾಜ್ಮಿಯೆ. ಹೆಂಗಸು. ಅಲ್ಲಿಗೆ ವಿಚಾರಣೆ ಮುಗಿಯಿತು.

ಅವರೆಲ್ಲ ಕೆಳಗಿರುವವರು, ಲಿವರಿನ ಹಣೆಬರಹ ಅವರಿಗೇನು ಗೊತ್ತು ಅಂತ ನಾಜ್ಮಿಯೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಾಫಿ ಪುಡಿ, ಸಕ್ಕರೆ ಕಟ್ಟಿಕೊಂಡು ಲುಲ್ಜಿಮ್‌ನನ್ನು ನೋಡಲು ಹೋದಳು. ಮನೆ ತುಂಬ ಜನ. ಅವನ ಅಣ್ಣ ಪೆಲುಂಬ್ ಎಲ್ಲರಿಗೂ ಕಾಫಿ ಕೊಟ್ಟ. ಅವಳ ಸರದಿ ಬಂದಾಗ ಒಂದು ಕಾಲು ಎತ್ತಿ, ಮೊಣಕಾಲಿನ ಕೆಳಗಿಂದ ಲೋಟ ಚಾಚಿದ. ತನ್ನವರ ರಕ್ತಕ್ಕೆ ಸೇಡು ತೀರಿಸಿಕೊಳ್ಳದ ಗಂಡಸಿಗೆ ನಮ್ಮ ಬೆಟ್ಟದವರು ಹಾಗೆ ಕಾಫಿ ಕೊಡುತ್ತಾರೆ, ಕೊಟ್ಟರೆ ಊರಿನ ಪಾಲಿಗೆ ಅವನು ಸತ್ತ ಹಾಗೆ. ಹೆಂಗಸಿಗೆ ಹಾಗೆ ಕೊಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ನಾಜ್ಮಿಯೆ ಲೋಟ ತೆಗೆದುಕೊಂಡು ತಳದ ಗಸಿಯವರೆಗೂ ಕುಡಿದಳು. ತಪ್ಪು ತನ್ನದೇ ಇರಬಹುದು ಅಂತ ಅವಳಿಗೂ ಅನ್ನಿಸಿತ್ತು.

ಅಂದಿನಿಂದ ಅವಳ ಮನೆಗೆ ಯಾರೂ ಕಾಫಿಗೆ ಬರುವುದಿಲ್ಲ. ಪಕ್ಕದ ಮನೆಯವಳು ಬಟ್ಟೆ ಒಣಹಾಕುವ ಹಗ್ಗವನ್ನು ಆಚೆ ಗೋಡೆಗೆ ಕಟ್ಟಿಕೊಂಡಳು. ರೊಟ್ಟಿ ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲಿಡುತ್ತಾನೆ. ಕೆಲವು ದಿನ ಅವಳು ಲಿವರಿನ ಜೊತೆ ಬಿಟ್ಟರೆ ಇನ್ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. “ನಿಂತ್ಕೊಳಪ್ಪ, ಇನ್ನೊಂದ್ ಟ್ರಾಲಿ, ಅಷ್ಟೆ,” ಅನ್ನುತ್ತಿದ್ದಳು. ಒಂಟಿತನ ಮನುಷ್ಯನಿಂದ ಕಬ್ಬಿಣದ ಜೊತೆಗೂ ಸಂಸಾರ ಮಾಡಿಸುತ್ತದೆ.

ಅವತ್ತು ಮಧ್ಯಾಹ್ನ ಬೆಳಗಿನ ಪಾಳಿಯವರನ್ನು ಮೇಲೆಳೆಯುವಾಗ ಲಿವರು ಎರಡು ಸಲ ನಡುಗಿತು. ಅವಳು ಹಲ್ಲು ಕಚ್ಚಿ, ಪಾದವನ್ನು ಗೋಡೆಗೆ ಒತ್ತಿ, ಇಡೀ ಮೈಯನ್ನೇ ಅದಕ್ಕೆ ಹಾಕಿದಳು. ಟ್ರಾಲಿ ಬಾಯಿಗೆ ಬಂದು ಕೊನೆಯವನು ಇಳಿದ. ನಾಜ್ಮಿಯೆ ಮೋಟಾರು ನಿಲ್ಲಿಸಿ, ಬ್ರೇಕು ಬಿಗಿದು, ಶೆಡ್ಡಿನ ಬಾಗಿಲಿಗೆ ಒಳಗಿಂದ ಅಗಳಿ ಹಾಕಿದಳು.

ಟ್ಯೂಬು ಬಿಚ್ಚಿದಳು. ಪಿನ್ನಿನ ತುದಿಯ ತಂತಿಯನ್ನು ಇಕ್ಕಳದಿಂದ ನೇರ ಮಾಡಿ ಎಳೆದಳು. ಪಿನ್ನು ಜಪ್ಪಯ್ಯ ಅನ್ನಲಿಲ್ಲ. ಡೀಸೆಲ್ ಸುರಿದು ಕಾದು, ಮರದ ತುಂಡು ಅಡ್ಡವಿಟ್ಟು ಸುತ್ತಿಗೆಯಿಂದ ಬಡಿದಳು. ಹೊರಗೆ ಎರಡೂ ಪಾಳಿಯವರು ಸೇರಿದ್ದು ಗದ್ದಲದಿಂದಲೇ ತಿಳಿಯುತ್ತಿತ್ತು.

“ಬಾಗಿಲ್ ತೆಗಿಯೇ! ನಮ್ ಹೊಟ್ಟೆ ಮೇಲೆ ಹೊಡೀತೀಯೇನೆ? ಟ್ರಾಲಿ ಎಣಿಕೆ ಮೇಲೆ ಕೂಲಿ ನಮ್ಗೆ!”

ಅದು ಪೆಲುಂಬ್‌ನ ದನಿ. ಅವಳು ಇನ್ನೊಂದು ಏಟು ಹಾಕಿದಳು. ಪಿನ್ನು ಹೊರಬಂತು. ಲಿವರನ್ನು ಎರಡೂ ತೋಳಲ್ಲಿ ತಬ್ಬಿ ಇಳಿಸಿ, ಕೂಸಿನ ಹಾಗೆ ಚೀಲದ ಮೇಲೆ ಮಲಗಿಸಿದಳು. ಒಳಗಿನ ಗ್ರೀಸು ಒಣಗಿ ಕಲ್ಲಾಗಿತ್ತು. ಕೆರೆದಳು, ತೊಳೆದಳು, ಕ್ಲಚ್ ಪಟ್ಟಿಯ ಮೇಲಿನ ಎಣ್ಣೆ ಒರೆಸಿದಳು, ಹೊಸ ಗ್ರೀಸು ತುಂಬಿದಳು. ಅವಳ ಕೈಲಾಗುವುದು ಅಷ್ಟೇ, ಹೊಸ ಪಿನ್ನು ಬಾರ್ಧುಲ್ ತರಿಸಬೇಕು. ಪಿನ್ನು ನಡುವಿನಲ್ಲಿ ಅರ್ಧಕ್ಕರ್ಧ ಸವೆದಿತ್ತು. ಅದನ್ನು ಹಿಡಿದುಕೊಂಡು ಬಾಗಿಲು ತೆಗೆದಳು.

“ಇದ್ ನೋಡ್ರಪ್ಪ,” ಅಂದಳು. “ನಿಮ್ಗೆ ಗೊತ್ತಿರ್ನಿಲ್ಲ, ನಿಮ್ ತಪ್ಪಲ್ಲ. ಈಗ ನೋಡ್ರಿ.”

ಪಿನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಯಾರೂ ಅದನ್ನು ಸರಿಯಾಗಿ ನೋಡಲಿಲ್ಲ. ಕೊನೆಗೆ ಮುದುಕ ರೆಜೆಪ್‌ನ ಕೈಗೆ ಬಂತು. ಗಣಿಯಲ್ಲಿ ಎಲ್ಲರಿಗಿಂತ ಹಿರಿಯ ಅವನು. ಅದನ್ನು ಅಂಗೈಯಲ್ಲಿ ಉರುಳಿಸುತ್ತ ನೆಲ ನೋಡಿದ.

“ಗೊತ್ತಿತ್ತು ಕಣವ್ವ.”

“ಏನ್ ಗೊತ್ತಿತ್ತು ರೆಜೆಪ್ ಮಾವ?”

“ಲಿವರ್ ಜಿಗಿಯಾದು. ಟ್ರಾಲಿಲಿ ಕುಂತೋರ್ಗೆ ಹಗ್ಗ ಎಗರಾದು ಗೊತ್ತಾಗಲ್ವಾ? ಲುಲ್ಜಿಮ್ ಬೀಳಾಕೆ ಮುಂಚೇನೂ ಎಗರ್ತಿತ್ತು.”

“ಮತ್ತೆ ಅವತ್ತು ಆ ಅಧಿಕಾರಿ ಕೇಳ್ದಾಗ?”

“ಯಂತ್ರದ್ ತಪ್ಪು ಅಂದಿದ್ರೆ ಗಣಿಗೆ ಬೀಗ ಜಡೀತಿದ್ರು. ನಿನ್ ತಪ್ಪು ಅಂದ್ರೆ...” ಮುದುಕ ಪಿನ್ನನ್ನು ಇನ್ನೊಂದು ಸಲ ಉರುಳಿಸಿದ. “ನೀನೊಬ್ಳೇ ತಾನೆ.”

ಇಡೀ ಚಳಿಗಾಲ ತನ್ನ ಕೈಯನ್ನು ತಾನೇ ಶಪಿಸಿಕೊಂಡಿದ್ದಳು ನಾಜ್ಮಿಯೆ. ಪೆಲುಂಬ್ ಕಡೆ ತಿರುಗಿದಳು.

“ನಿಂಗೂ ಗೊತ್ತಿತ್ತೇನೋ? ಕಾಲ್ ಎತ್ತಿ ಕಾಫಿ ಕೊಟ್ಯಲ್ಲ, ಅವತ್ತೂ ಗೊತ್ತಿತ್ತಾ?”

ಪೆಲುಂಬ್ ಬೆಂಕಿಕಡ್ಡಿ ಗೀರಿದ. ಅದು ಹತ್ತಲಿಲ್ಲ. ಇನ್ನೊಂದು ಗೀರಿದ.

ಅಷ್ಟರಲ್ಲಿ ಬಾರ್ಧುಲ್‌ನ ಜೀಪು ಧೂಳೆಬ್ಬಿಸಿಕೊಂಡು ಬಂತು. “ಯಾರಪ್ಪನ ಗಣಿ ಅಂತ ನಿಲ್ಸಿದ್ಯೇ ಲೌಡಿ?” ಅನ್ನುತ್ತಲೇ ಇಳಿದ. ಪಿನ್ನನ್ನು ಮುದುಕನ ಕೈಯಿಂದ ಕಿತ್ತು ಅವಳ ಎದೆಗೆ ಎಸೆದ. “ಹಾಕು. ಏನೂ ಆಗಿಲ್ಲ ಇದಕ್ಕೆ. ಇನ್ನೂ ಹತ್ತು ವರ್ಸ ಬತ್ತದೆ.”

“ಏನೂ ಆಗಿಲ್ವಾ ಸಾಹೇಬ್ರೆ?”

“ಆಗಿಲ್ಲ ಅಂದ್ನಲ್ಲ! ಹಾಕು!”

ನಾಜ್ಮಿಯೆ ನೆಲಕ್ಕೆ ಬಿದ್ದ ಪಿನ್ನನ್ನು ಹೆಕ್ಕಿಕೊಂಡು ಒಳಗೆ ಹೋದಳು. ಲಿವರನ್ನು ಎತ್ತಿ ಕೂರಿಸಿ, ಪಿನ್ನು ತೂರಿಸಿ, ತಂತಿ ಮಡಚಿ, ಟ್ಯೂಬನ್ನು ಮೊದಲಿದ್ದ ಹಾಗೇ ಕಟ್ಟಿದಳು. ಮೋಟಾರು ಹಾಕಿದಳು, ಬ್ರೇಕನ್ನು ಮಾತ್ರ ಬಿಗಿದ ಹಾಗೇ ಬಿಟ್ಟಳು. ಬಾರ್ಧುಲ್‌ಗೆ ಗೆದ್ದ ಖುಷಿ. “ಹಂಗೆ ದಾರಿಗ್ ಬಾ,” ಅಂದ. ಎರಡನೇ ಪಾಳಿಯವರು ತಲೆದೀಪ ಸರಿಮಾಡಿಕೊಳ್ಳತೊಡಗಿದರು.

ಅವಳು ಲಿವರಿನ ಬಳಿ ನಿಲ್ಲಲಿಲ್ಲ. ಹೊರಗೆ ಬಂದಳು, ಅವರ ನಡುವೆ ಹಾದು ಗಣಿಯ ಬಾಯಿಗೆ ನಡೆದಳು, ಲಂಗ ಎತ್ತಿಕೊಂಡು ಖಾಲಿ ಟ್ರಾಲಿಗೆ ಹತ್ತಿ ಕೂತಳು.

“ಏಯ್! ಹೆಂಗಸು ಗಣಿ ಒಳಕ್ಕೆ ಹೋಗಂಗಿಲ್ಲ! ಅಪಶಕುನ! ಇಳಿಯೇ!” ಯಾರೋ ಕೂಗಿದರು.

“ನೀವೇ ಹಿಡೀರಿ ಸಾಹೇಬ್ರೆ,” ಅಂದಳು ನಾಜ್ಮಿಯೆ. ಟ್ರಾಲಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. “ಏನೂ ಆಗಿಲ್ವಲ್ಲ. ನಿಮ್ ಸೊಂಟ ಕೊಡ್ರಿ. ನನ್ನ ಕೆಳಕ್ಕೆ ಇಳ್ಸಿ, ತಿರ್ಗಾ ಮೇಲಕ್ಕೆ ಎಳೀರಿ. ನಾನೊಬ್ಳೇ ತಾನೆ.”

ಬಾರ್ಧುಲ್ ಕೆಂಪಾದ. ಶೆಡ್ಡಿನ ಕಡೆ ಒಂದು ಹೆಜ್ಜೆ ಇಟ್ಟು ನಿಂತ. “ಪೆಲುಂಬ್, ಹೋಗಿ ಹಿಡ್ಕಳೋ!” ಅಂದ. ಪೆಲುಂಬ್ ಶೆಡ್ಡಿನೊಳಗೆ ನಡುಗುತ್ತಿದ್ದ ಲಿವರನ್ನು ನೋಡಿದ, ತನ್ನ ಎರಡು ಕೈಗಳನ್ನು ನೋಡಿಕೊಂಡ, ಜೇಬಿಗೆ ಹಾಕಿಕೊಂಡ. “ರೆಜೆಪ್!” ಮುದುಕ ಕೇಳಿಸದವನ ಹಾಗೆ ಮುಖ ತಿರುಗಿಸಿದ. ಹೋಗಿ ಹಿಡಿಯುವವರು ಒಬ್ಬರೂ ಇರಲಿಲ್ಲ. ಬಂದು ಅವಳ ಪಕ್ಕ ನಿಲ್ಲುವವರೂ ಒಬ್ಬರಿರಲಿಲ್ಲ.

ಟ್ರಾಲಿಯ ಪಕ್ಕದ ಗೋಡೆಗುಂಟ ಗಂಟೆಯ ತಂತಿ ಹಾದುಹೋಗಿತ್ತು. ಎರಡು ಸಲ ಎಳೆದರೆ ಇಳಿಸು ಅಂತ ಅರ್ಥ. ನಾಜ್ಮಿಯೆ ಕೈ ಚಾಚಿ ಎರಡು ಸಲ ಎಳೆದಳು. ಖಾಲಿ ಶೆಡ್ಡಿನಲ್ಲಿ ಗಂಟೆ ಬಡಿಯಿತು. ಯಾರೂ ಅಲುಗಾಡಲಿಲ್ಲ.

ಅವಳು ಮತ್ತೆ ಎಳೆದಳು.