ಎರಡು ಪದರದ ಕವರು

ಪ್ಯಾಂಟಿನ ಒಂದು ಕಾಲಿನ ಅಂಚು ಹೊಲಿದಾಗಿತ್ತು. ಇನ್ನೊಂದು ಕಾಲಿಗೆ ಗುಂಡುಸೂಜಿ ಚುಚ್ಚುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಮಗನ ದನಿ ಏರಿತು. ಟೈಲರಮ್ಮ ಕೈ ನಿಲ್ಲಿಸಿದಳು. ಬೀದಿಯವರು ಅವಳನ್ನು ಕರೆಯುವುದೇ ಹಾಗೆ. ಖುಷಿಯಲ್ಲಿದ್ದರೆ ಮಗನೂ ಹಾಗೇ ಕರೆಯುತ್ತಿದ್ದ. ಈಗ ಖುಷಿಯಲ್ಲಿರಲಿಲ್ಲ.

"ಲ್ಯಾಪ್‌ಟಾಪ್ ಮತ್ತೆ ಆಫ್ ಆಯ್ತಾ? ರಿಪೇರಿಯವನು ಬಿಚ್ಚಿ ನೋಡಿ ಏನಂದ? ಒಳಗೇನೂ ಕೆಟ್ಟಿಲ್ಲ, ಬಿಸಿ ಮಿತಿ ಮೀರಿದ್ರೆ ಅದೇ ಆಫ್ ಆಗಿ ತನ್ನನ್ನ ಉಳಿಸ್ಕೊಳ್ಳುತ್ತೆ ಅಂದ. ಆದ್ರೆ ದಿನಾ ಹೀಗೇ ಕಾಯಿಸ್ತಿದ್ರೆ ಒಂದಿನ ಕೆಡೋದೇ ಅಂದ. ರಾತ್ರಿ ನನ್ನ ಆಫೀಸ್ ಕೆಲಸಕ್ಕೆ ಯಾವತ್ತೂ ಆಫ್ ಆಗದೇ ಇರೋದು ನಿನ್ನ ಗೇಮಿಗೆ ಮಾತ್ರ ಯಾಕೆ ಆಗುತ್ತೆ? ಭಾನುವಾರ ತೆಗೆದುಹಾಕ್ತೀನಿ ಆ ಗೇಮನ್ನ."

"ಸರಿ," ಅಂದಳು ಸೊಸೆ.

ಅಷ್ಟೇ. ಆ 'ಸರಿ' ಟೈಲರಮ್ಮನಿಗೆ ಸೂಜಿಗಿಂತ ಜೋರಾಗಿ ಚುಚ್ಚಿತು. ಬಸ್ಸಿನ ಕಂಡಕ್ಟರನನ್ನೂ ಬಿಡದೆ ವಾದಿಸುವ ಹುಡುಗಿ ಇಷ್ಟು ಸುಲಭಕ್ಕೆ ಸೋಲುವುದೆಂದರೇನು?

ಬೆಳಗಿನ ಪಾಳಿ ಮುಗಿಸಿ ಬಂದು, ಸಂಜೆ ನಾಲ್ಕರಿಂದ ಐದರವರೆಗೆ ಸೊಸೆ ಕಾರ್ ರೇಸ್ ಆಡುತ್ತಿದ್ದಳು. ದೂರದ ಊರಿನಲ್ಲಿದ್ದ ಅವಳ ತಂಗಿ ಅಲ್ಲಿಂದ, ಇವಳು ಇಲ್ಲಿಂದ. "ಎಡಕ್ಕೆ ತಿರುಗಿಸೇ ಕತ್ತೆ!" ಎಂದು ಕಿರುಚಿ ಬಿದ್ದು ಬಿದ್ದು ನಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ, ಈ ಹುಡುಗಿಗೆ ನಗಲು ಬರುತ್ತದೋ ಇಲ್ಲವೋ ಎಂದು ಟೈಲರಮ್ಮ ಯೋಚಿಸಿದ್ದುಂಟು. ಬರುತ್ತಿತ್ತು, ಆ ಒಂದು ಗಂಟೆಯಲ್ಲಿ ಮಾತ್ರ. ಭಾನುವಾರ ಹೋಗುವುದು ಆ ಗಂಟೆ.

ಮರುದಿನ ನಾಲ್ಕಕ್ಕೆ ಮಗ ಇನ್ನೂ ಆಫೀಸಿನಲ್ಲಿದ್ದ.

"ಲ್ಯಾಪ್‌ಟಾಪ್ ತಗೊಂಡು ಬಾರೇ ಇಲ್ಲಿ."

"ಯಾಕತ್ತೆ?"

"ಆಡು. ನಾನು ನೋಡ್ಬೇಕು."

"ನೀವು ಆಡ್ತೀರೇನೋ ಅಂದ್ಕೊಂಡೆ."

"ನಾನು ಓಡಿಸೋ ಮಷಿನ್ನೇ ಸಾಕು. ಕೂತ್ಕೋ."

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆಟ ಶುರುವಾಯಿತು. ಲ್ಯಾಪ್‌ಟಾಪಿಗೆ ತೊಡಿಸಿದ್ದು ಟೈಲರಮ್ಮನೇ ಹೊಲಿದ ನೀಲಿ ಕವರು. ಸೊಸೆಗೆ ಕೆಲಸ ಸಿಕ್ಕ ವಾರ ಮೂರು ದಿನ ಕೂತು ಹೊಲಿದದ್ದು. ಎರಡು ಪದರ ಬಟ್ಟೆ, ನಡುವೆ ಸ್ಪಂಜು. ಪುಸ್ತಕದಂತೆ ತೆರೆದು ಕವರಿನೊಳಗೇ ಇಟ್ಟು ಕೆಲಸ ಮಾಡಬಹುದು. ಒಂದು ಬೆರಳೂ ತೂರದಷ್ಟು ಅಚ್ಚುಕಟ್ಟು. ರಿಪೇರಿಗೆ ಕಳಿಸುವಾಗ ಕೊಳೆಯಾದೀತೆಂದು ಟೈಲರಮ್ಮನೇ ಅದನ್ನು ಬಿಚ್ಚಿ ಇಟ್ಟುಕೊಂಡಿದ್ದಳು.

ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆಯ ಕಾವು ನೋಡಿದ ಕೈ ಅದು. ಕೈಯ ಹಿಂಬದಿಯನ್ನು ಕವರಿನ ತಳಕ್ಕೆ ಒಡ್ಡಿದಳು. ಈಗಷ್ಟೇ ಇಸ್ತ್ರಿ ಮಾಡಿಟ್ಟ ಬಟ್ಟೆಯಷ್ಟು ಬಿಸಿ.

"ಇದಕ್ಕೆ ಗಾಳಿ ಎಲ್ಲಿಂದ?"

"ಕೆಳಗಿನಿಂದ ಅತ್ತೆ. ಆ ಸೀಳುಗಳಿಂದ." ಉತ್ತರ ಮೊದಲೇ ತಯಾರಿದ್ದಷ್ಟು ಬೇಗ ಬಂತು.

ಹನ್ನೊಂದನೇ ನಿಮಿಷಕ್ಕೆ ಪರದೆ ಕಪ್ಪಾಯಿತು.

ಟೈಲರಮ್ಮ ಕವರನ್ನು ಕಳಚಿ ಪಕ್ಕಕ್ಕೆಸೆದಳು. ಯಂತ್ರ ಆರುವವರೆಗೆ ಇಬ್ಬರೂ ಕಾಫಿ ಕುಡಿದರು. ಆಮೇಲೆ ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ದಾರದ ರೀಲು ಇಟ್ಟು ಎತ್ತರಿಸಿ, "ಈಗ ಆಡು," ಎಂದಳು. ಫ್ಯಾನು ಭರ್ರೆಂದಿತು. ಪಕ್ಕದ ಸೀಳಿನಿಂದ ಬಿಸಿಗಾಳಿ ಅವಳ ಅಂಗೈಗೆ ಬಡಿಯಿತು. ಇಪ್ಪತ್ತು ನಿಮಿಷ, ನಲವತ್ತು, ಒಂದು ಗಂಟೆ. ಆಫ್ ಆಗಲಿಲ್ಲ. ತಂಗಿ ಎರಡು ಸಲ ಸೋತಳು.

"ನಿನಗೆ ಗೊತ್ತಿತ್ತು," ಅಂದಳು ಟೈಲರಮ್ಮ.

ಸೊಸೆ ಹೆಡ್‌ಫೋನಿನ ತಂತಿ ಸುತ್ತುತ್ತ ಕೂತಳು. "ಒಂದ್ಸಲ ಕವರ್ ತೆಗೆದಿಟ್ಟಿದ್ದೆ ಅತ್ತೆ. ಇಷ್ಟ ಆಗ್ಲಿಲ್ವಾ ಅಂತ ಕೇಳಿದ್ರಿ."

ಕೇಳಿದ್ದು ಹೌದು. ಅದೂ ಅಳತೆ ಕೊಡಲು ಬಂದವರ ಎದುರಿಗೆ, ನಗುನಗುತ್ತಲೇ.

"ಅಷ್ಟಕ್ಕೆ ಆಟಾನೇ ಬಿಡೋಕೆ ಹೊರಟ್ಯಾ? ಪೆದ್ದಿ."

"ಮೂರು ದಿನ ಹೊಲಿದಿದ್ರಲ್ಲ ಅತ್ತೆ."

ಟೈಲರಮ್ಮ ಮೇಜಿನ ಮೇಲಿನ ಚೂರುಬಟ್ಟೆಗಳನ್ನು ಒಟ್ಟುಮಾಡಿದಳು.

ಮಗ ಬಂದಾಗ ಚಪ್ಪಲಿ ಬಿಡುವುದಕ್ಕೂ ಟೈಲರಮ್ಮ ಪುರುಸೊತ್ತು ಕೊಡಲಿಲ್ಲ.

"ಬಾ ಇಲ್ಲಿ, ಮುಟ್ಟಿ ನೋಡು. ಒಂದು ಗಂಟೆ ಆಡಿದಾಳೆ. ಆಟ ಆಡಿದ್ರೆ ಬಿಸಿ ಆಗುತ್ತೆ, ಆಗ್ಲಿ. ಆ ಬಿಸಿ ಹೊರಗೆ ಹೋಗೋ ದಾರಿ ಮುಚ್ಚಿದ್ದು ಆಟ ಅಲ್ಲ, ನನ್ನ ಕವರು. ಭಾನುವಾರ ನೀನು ಏನೂ ತೆಗೆಯೋ ಹಾಗಿಲ್ಲ."

"ಟೈಲರಮ್ಮ ಯಾವಾಗ ಇಂಜಿನಿಯರಮ್ಮ ಆದ್ರು?"

"ನಿನ್ನ ಪ್ಯಾಂಟಿನ ಸೊಂಟ ಬಿಚ್ಚಿ ಬಿಚ್ಚಿ ಹೊಲಿದಾಗಲೇ ಕಣೋ. ಒಳಗಿರೋದಕ್ಕೆ ಜಾಗ ಬೇಕು ಅಂತ ಆಗ್ಲೇ ಗೊತ್ತಾಯ್ತು."

ಸೊಸೆ ಫಕ್ಕನೆ ನಕ್ಕಳು. ಮಗ ರೀಲುಗಳನ್ನು ಬಗ್ಗಿ ನೋಡಿ, ಲ್ಯಾಪ್‌ಟಾಪಿನ ತಳ ಮುಟ್ಟಿ, ಹೆಂಡತಿಯ ಕಡೆ ತಿರುಗಿ, "ಆಡ್ಕೋ ಮಾರಾಯ್ತಿ. ನಾನೇ ಸುಮ್ನೆ ಕೂಗಾಡಿದೆ," ಅಂದ.

ಮಡಚಿದ ಬಟ್ಟೆಗಳನ್ನು ಇಡಲು ಟೈಲರಮ್ಮ ಅವರ ಕೋಣೆಗೆ ಹೋದಳು. ಹೊರಗೆ ಇನ್ನೂ ಬೆಳಕಿತ್ತು, ಒಳಗೆ ದೀಪ ಉರಿಯುತ್ತಿತ್ತು. ಕಿಟಕಿಗೆ ಕಂದು ಪರದೆ. ಅದೂ ಎರಡು ಪದರ, ಅದೂ ಅವಳದೇ ಹೊಲಿಗೆ, ಮಗನ ಮದುವೆಗೆ ಮೊದಲು ಹೊಲಿದು ತೂಗುಹಾಕಿದ್ದು. ಒಮ್ಮೆ ಅದು ಪಕ್ಕಕ್ಕೆ ಸರಿದಿದ್ದನ್ನು ಕಂಡು ಅವಳೇ ಎಳೆದು ನೆರಿಗೆ ಸರಿಮಾಡಿದ್ದಳು. ಆಮೇಲೆ ಅದು ಹಗಲಲ್ಲೂ ಸರಿದದ್ದನ್ನು ಅವಳು ಕಂಡಿರಲಿಲ್ಲ.

"ಏನತ್ತೆ ನೋಡ್ತಿದ್ದೀರಿ?" ಬಾಗಿಲಲ್ಲಿ ಸೊಸೆ.

"ಏನಿಲ್ಲ. ಧೂಳು ಹಿಡಿದಿದೆ. ನಾಳೆ ಒಗೆಯೋಕೆ ಹಾಕ್ತೀನಿ."

ಒಗೆದ ಮೇಲೆ ಅದು ಈ ಕಿಟಕಿಗೆ ಮರಳುವುದಿಲ್ಲ. ಟೈಲರಮ್ಮ ಕಣ್ಣಲ್ಲೇ ಬಟ್ಟೆ ಅಳೆದಳು: ನಾಲ್ಕು ದಿಂಬಿನ ಕವರು, ಒಂದು ಸಂತೆಚೀಲ.